ಧಾರವಾಡದ ಹಳೆಯ ವಾಡೆಯಲ್ಲಿ ಭಾನುವಾರದ ಎರಡೂಕಾಲು ಗಂಟೆ

ಧಾರವಾಡದ ಹೊಸಯಲ್ಲಾಪುರದ ಕಡೆ ಒಂದು ಇಕ್ಕಟ್ಟಾದ ಓಣಿಯಲ್ಲಿ, ಹೊರಗಿನಿಂದ ಉದ್ದನೆಯ ಗೋಡೆ ಮತ್ತು ಚಕ್ಕಡಿ ಹೊಗುವಷ್ಟು ದೊಡ್ಡ ತಲಬಾಗಿಲು ಮಾತ್ರ ಕಾಣುವ ಒಂದು ವಾಡೆ ಇದೆ. ಕೆಲವು ವರ್ಷಗಳಿಂದ ಭಾನುವಾರದಂದು ಬೆಳಿಗ್ಗೆ ಹತ್ತಕ್ಕೆ ಅದರ ಬಾಗಿಲು ತೆರೆಯುತ್ತದೆ. ಯಾವ ಸಂಬಳವನ್ನೂ ಪಡೆಯದ ಏಳು ಜನ ಬಂದವರಿಗೆ ಮನೆಯನ್ನು ತೋರಿಸುತ್ತ ಊರಿನ ಇತಿಹಾಸವನ್ನು ಹೇಳುತ್ತಾರೆ. ಬರುವ ಯುಗಾದಿಗೆ ಇದು ನಿಲ್ಲುತ್ತದೆ. ಮನೆತನದ ಆರು ಜನ ಪಾಲುದಾರರ ನಡುವಿನ ವಾಟ್ನಿ (ಆಸ್ತಿಯ ಪಾಲು ಹಂಚಿಕೆ) ಮುಗಿಯುವ ಹಂತಕ್ಕೆ ಬಂದಿದ್ದು, ಆಮೇಲೆ ವಾಡೆಯನ್ನು ಇದ್ದಂತೆಯೇ ಮಾರುವುದೋ ಕೆಡವಿ ಜಾಗವನ್ನು ಮಾರುವುದೋ ಎಂಬುದಷ್ಟೇ ಬಾಕಿ ಉಳಿದಿದೆ. ವಿಷಯ ಇನ್ನೂ ನ್ಯಾಯಾಲಯದಲ್ಲಿರುವುದರಿಂದ ಮನೆತನದ ಹೆಸರನ್ನು ಬರೆಯಬಾರದೆಂದು ಸ್ವಯಂಸೇವಕರು ಕೇಳಿಕೊಂಡಿದ್ದಾರೆ. ಹೆಸರನ್ನೇ ಹೇಳದೆ ಒಂದು ಸ್ಥಳದ ವಿಮರ್ಶೆ ಬರೆಯುವುದು ವಿಚಿತ್ರವೆನಿಸಬಹುದು. ಆದರೆ ಆ ಭಾಗದ ಯಾವ ಕಿರಾಣಿ ಅಂಗಡಿಯವರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಆಷಾಢದ ಜಿಟಿಜಿಟಿ ಮಳೆಯಲ್ಲಿ ಹೊರಗೇ ನಲವತ್ತು ನಿಮಿಷ ನಿಂತೆ. ಕೀಲಿ ಪಾಲುದಾರರಲ್ಲಿ ಒಬ್ಬರ ಬಳಿ ಇರುತ್ತದೆ. ಅಂದು ಅವರು ಅದನ್ನು ಜೇಬಿನಲ್ಲಿಟ್ಟುಕೊಂಡೇ ಬೀಗರ ಮನೆಗೆಂದು ಗದಗಕ್ಕೆ ಹೋಗಿಬಿಟ್ಟಿದ್ದರು. ಎರಡನೆಯ ಕೀಲಿ ಮಾಳಮಡ್ಡಿಯಿಂದ ಸ್ಕೂಟರಿನ ಮೇಲೆ ಬರುವವರೆಗೆ ನಾವು ಹದಿನಾಲ್ಕು ಜನ ಎದುರಿನ ಹಿಟ್ಟಿನ ಗಿರಣಿಯ ತಗಡಿನ ಕೆಳಗೆ ಕೊಡೆಗಳನ್ನು ಮಡಚಿಕೊಂಡು ನಿಲ್ಲಬೇಕಾಯಿತು. ಹಣ ಕೊಟ್ಟು ಹೋದ ಜಾಗದಲ್ಲಿ ಹೀಗಾಗಿದ್ದರೆ ನಾನು ಮನೆಗೆ ತಿರುಗುತ್ತಿದ್ದೆ. ಇಲ್ಲಿ ತಿರುಗಲಿಲ್ಲ, ಏಕೆಂದರೆ ನಿವೃತ್ತ ಮಾಸ್ತರರೊಬ್ಬರು ಕೀಲಿಗಾಗಿ ಕಾಯದೆ ಬಾಗಿಲಿನ ಹೊರಮೈಯಿಂದಲೇ ಪಾಠ ಆರಂಭಿಸಿಬಿಟ್ಟರು. ದೊಡ್ಡ ಬಾಗಿಲಿನೊಳಗೆ ಕೂರಿಸಿದ ಚಿಕ್ಕ ದಿಡ್ಡಿಯನ್ನು ಕೊಡೆಯ ತುದಿಯಿಂದ ಮುಟ್ಟಿ ತೋರಿಸುತ್ತ, “ಇದರಾಗಿಂದ ಒಳಗ ಬರವ ತಲಿ ಬಗ್ಗಸಲೇಬೇಕು. ದೇವರಿಗೆ, ಹಿರಿಯರಿಗೆ ಮರ್ಯಾದಿ ಅಂತಾರ. ಬಗ್ಗಿದವನ ಕೈಯಾಗ ಕತ್ತಿ ಇದ್ರೂ ಬೀಸಲಿಕ್ಕೆ ಬರೂದಿಲ್ಲ, ಅದಕ್ಕ ಹಿಂಗ ಮಾಡ್ಯಾರ ಅಂತನೂ ಅಂತಾರ,” ಎಂದರು. ನಾವು ತಲೆಯಾಡಿಸುತ್ತಿದ್ದಂತೆ, “ಎರಡೂ ನಾ ಕೇಳಿದ್ದು, ಓದಿದ್ದಲ್ಲ ಮತ್ತ,” ಎಂದು ಸೇರಿಸಿದರು.

ಈ ಕೊನೆಯ ಮಾತಿಗಾಗಿಯೇ ನಾನು ಈ ವಿಮರ್ಶೆ ಬರೆಯುತ್ತಿದ್ದೇನೆ ಎಂದರೂ ತಪ್ಪಾಗದು. ಐತಿಹಾಸಿಕ ಸ್ಥಳಗಳಲ್ಲಿ ಕೇಳುವ ವಿವರಣೆಗಳಲ್ಲಿ ದಂತಕಥೆ, ಮನೆತನದ ಬಡಾಯಿ ಮತ್ತು ದಾಖಲೆಯಲ್ಲಿರುವ ಸಂಗತಿ ಮೂರನ್ನೂ ಒಂದೇ ದನಿಯಲ್ಲಿ, ಒಂದೇ ಭರವಸೆಯಿಂದ ಒಪ್ಪಿಸುವುದು ನಮ್ಮಲ್ಲಿ ರೂಢಿ. ಈ ಏಳು ಜನ ಮಾತ್ರ ಹೇಳುವ ಪ್ರತಿಯೊಂದು ಸಂಗತಿಯ ಜೊತೆಗೆ ಅದು ತಮಗೆ ಎಲ್ಲಿಂದ ಬಂತೆಂಬುದನ್ನೂ ಹೇಳುವ ಕಟ್ಟುಪಾಡು ಇಟ್ಟುಕೊಂಡಿದ್ದಾರೆ: ಇದು ಕೇಳಿದ್ದು, ಇದು ಓದಿದ್ದು, ಇದು ಇಲ್ಲೇ ಕಣ್ಣಿಗೆ ಕಾಣುವಂಥದ್ದು. ಮೊದಲ ಹತ್ತು ನಿಮಿಷ ಇದು ಅಡ್ಡಿಯೆನಿಸುತ್ತದೆ. ಆಮೇಲೆ ಕೇಳುವ ನಮಗೇ ಅದು ಅಂಟಿಕೊಂಡು, ಅವರು ಹೇಳಲು ಮರೆತರೆ ಗುಂಪಿನಲ್ಲಿ ಯಾರಾದರೂ “ಇದು ಯಾವುದ್ರಿ?” ಎಂದು ಕೇಳತೊಡಗುತ್ತಾರೆ.

ವಾಡೆಯ ವಯಸ್ಸಿನ ಪ್ರಶ್ನೆಯಲ್ಲಿ ಈ ಪದ್ಧತಿಯ ಲಾಭ ಸ್ಪಷ್ಟವಾಗಿ ಕಾಣುತ್ತದೆ. ಮನೆತನದವರ ಪ್ರಕಾರ ಇದು ಟಿಪ್ಪುವಿನ ಕಾಲದ್ದು, ಕೋಟೆಯ ಮುತ್ತಿಗೆಯನ್ನು ಕಂಡದ್ದು. ಮುತ್ತಿಗೆ ನಡೆದದ್ದು ನಿಜ: 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಪರಶುರಾಮ ಭಾವೂವಿನ ಮರಾಠಾ ಸೈನ್ಯವೂ ಕ್ಯಾಪ್ಟನ್ ಲಿಟಲ್‌ನ ಮುಂಬಯಿ ದಳವೂ ಸೇರಿ, ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್ ಕಾಯುತ್ತಿದ್ದ ಧಾರವಾಡದ ಕೋಟೆಯ ಸುತ್ತ ಸುಮಾರು 29 ವಾರ ಕುಳಿತಿದ್ದವು. ಆದರೆ ಈ ಮನೆ ಅದನ್ನು ಕಂಡಿರಲು ಸಾಧ್ಯವೇ ಎಂಬುದನ್ನು ಮಾಸ್ತರರು ಹೇಳದೆ, ಜೀವನವಿಡೀ ಬಡಿಗತನ ಮಾಡಿದ ಒಬ್ಬ ಅಜ್ಜನಿಗೆ ಬಿಡುತ್ತಾರೆ. ಅವರು ನಮ್ಮನ್ನು ನೇರ ಹಿತ್ತಲಿಗೆ ಕರೆದೊಯ್ದು, ಹಿಂದಿನ ನಾಲ್ಕು ಅಂಕಣದ ಮೇಲಿನ ಹೆಂಚೊಂದನ್ನು ಇಳಿಸಿ ಮಗುಚಿ ತೋರಿಸುತ್ತಾರೆ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ; ಧಾರವಾಡಕ್ಕೆ ರೈಲು ಬಂದದ್ದು 1888ರಲ್ಲಿ; ಆದ್ದರಿಂದ ಅಚ್ಚೊತ್ತಿದ ಈ ಹೆಂಚಿನ ಭಾಗ ಅದಕ್ಕಿಂತ ಈಚಿನದು ಎಂಬುದರಲ್ಲಿ ಅನುಮಾನವಿಲ್ಲ. ಮುಂದಿನ ಭಾಗ ಮಾತ್ರ ಮಣ್ಣಿನ ಮಾಳಿಗೆಯದು. ಅಲ್ಲಿಯ ಸಾಗವಾನಿ ಕಂಬ, ಬೋದಿಗೆ, ತೊಲೆಗಳು ಒಂದೂ ಕಬ್ಬಿಣದ ಮೊಳೆಯಿಲ್ಲದೆ ಒಂದರೊಳಗೊಂದು ಕೂತಿವೆ. ಆದರೆ ಎರಡು ತೊಲೆಗಳ ಪಕ್ಕದಲ್ಲಿ ಯಾವ ಉಪಯೋಗಕ್ಕೂ ಬಾರದ ಖಾಲಿ ಕಂಡಿಗಳಿವೆ. “ಅಕ್ಕಾರ, ಇವು ಬ್ಯಾರೆ ಮನಿ ತೊಲಿ. ಅಲ್ಲಿ ಬಿಚ್ಚಿ ಇಲ್ಲಿ ಕುಂದರಿಸ್ಯಾರ. ಕಟ್ಟಿಗಿ ವಯಸ್ಸು ಮನಿ ವಯಸ್ಸು ಒಂದ ಅಂತ ತಿಳೀಬ್ಯಾಡ್ರಿ,” ಎಂದು ಅಜ್ಜ ಆ ಕಂಡಿಯೊಳಗೆ ನನ್ನ ಬೆರಳನ್ನೇ ಇಡಿಸಿದರು. ಒಳಗೆ ಉಳಿಯ ಗುರುತು ಇನ್ನೂ ಚೂಪಾಗಿಯೇ ಇತ್ತು. ಮುತ್ತಿಗೆಯ ಕಥೆ ಅಲ್ಲಿಗೆ ಮುಗಿಯಿತು, ಆದರೆ ಯಾರ ಮುಖದಲ್ಲೂ ನಿರಾಸೆ ಇರಲಿಲ್ಲ.

ಅಂಗಳದಲ್ಲಿರುವ ಹಗೆ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜ, ಈ ವಾಡೆಯ ಮುಖ್ಯ ಆಕರ್ಷಣೆ. ನೆಲದಲ್ಲಿ ಸುಮಾರು ಎರಡಡಿ ಅಗಲದ ಬಾಯಿ, ಅದರ ಮೇಲೆ ಒಂದು ಕಲ್ಲಿನ ಚಪ್ಪಡಿ, ಕೆಳಗೆ ಮಣ್ಣಿನ ಗಡಿಗೆಯಂತೆ ಉಬ್ಬಿದ ಹೊಟ್ಟೆ. ನೀರು ನಿಲ್ಲದ ಗಟ್ಟಿ ಗರಸಿನ ನೆಲವನ್ನು ಆರಿಸಿ ಹಗೆ ತೋಡುತ್ತಿದ್ದರು. ಜೋಳ ತುಂಬುವ ಮುನ್ನ ಒಳಗೆ ಹುಲ್ಲು ಸುಟ್ಟು ಪಸೆಯನ್ನು ಆರಿಸಿ, ಗೋಡೆಗೂ ತಳಕ್ಕೂ ಒಣಹುಲ್ಲನ್ನು ಹಾಸಿ, ತುಂಬಿದ ಮೇಲೆ ಬಾಯಿಯನ್ನು ಮಣ್ಣಿನಿಂದ ಮೆತ್ತಿಬಿಡುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಗಾಳಿಯಲ್ಲಿದ್ದ ಆಮ್ಲಜನಕವನ್ನು ಮುಗಿಸುತ್ತದೆ, ಅದರ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ನುಸಿ ಹುಳಗಳು ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ಉಳಿಯುತ್ತದೆ. ಹುಳವನ್ನು ಕೊಲ್ಲುವ ಅದೇ ಗಾಳಿ ಮನುಷ್ಯನನ್ನೂ ಕೊಲ್ಲುವುದರಿಂದ ಹಗೆಯ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಸಿ, ಅದು ಆರದೆ ಉರಿಯುತ್ತಿದೆಯೇ ಎಂದು ನೋಡುತ್ತಿದ್ದರು. ಅಜ್ಜ ಡಬ್ಬಿಯೊಂದರಲ್ಲಿ ಹಣತೆ ಇಟ್ಟು, ತೆಂಗಿನ ಹುರಿ ಕಟ್ಟಿ, ನಮ್ಮೆದುರಿಗೆ ಇಳಿಸಿದರು. “ಈಗ ಖಾಲಿ ಐತಿ, ಆರೂದಿಲ್ಲ,” ಎಂದು ಮೊದಲೇ ಹೇಳಿಯೂಬಿಟ್ಟರು. ಹಾಗಿದ್ದರೆ ಇಳಿಸುವುದೇಕೆ ಎಂದು ಒಬ್ಬ ಹುಡುಗ ಕೇಳಿದ. ಅಜ್ಜ ಹಗ್ಗ ಬಿಡುತ್ತಲೇ, “ಆರಿದ್ರ ಏನ್ ಮಾಡ್ತಿ?” ಎಂದು ಅವನನ್ನೇ ಕೇಳಿದರು. ಹಳದಿ ಬೆಳಕು ಕೆಳಗಿಳಿಯುತ್ತ ಗೋಡೆಗೆ ಮೆತ್ತಿದ ಸಗಣಿಯ ಗೆರೆಗಳನ್ನೂ ಯಾರದೋ ಕೈಯ ಐದು ಬೆರಳಿನ ಗುರುತನ್ನೂ ತೋರಿಸಿತು. ಅದನ್ನು ನೋಡಿದ ಮೇಲೆ ಆ ಹುಡುಗ ಹಗೆಯ ಬಾಯಿಯಿಂದ ಎದ್ದೇಳಲು ಒಪ್ಪಲಿಲ್ಲ.

ಇದೇ ಹಗೆಯ ಬಗ್ಗೆ ಮನೆತನದಲ್ಲಿ ಒಂದು ಕಥೆ ಇದೆ. 1876ರಿಂದ 1878ರವರೆಗಿನ ಮಹಾ ಬರಗಾಲದಲ್ಲಿ ಹಿರಿಯರು ಹಗೆ ಒಡೆಸಿ ಊರಿಗೆಲ್ಲ ಜೋಳ ಹಂಚಿದರಂತೆ. ಪಡಸಾಲೆಯ ಗೂಡಿನಲ್ಲಿರುವ ದಫ್ತರ, ಅಂದರೆ ಮನೆತನದ ಹಳೆಯ ಲೆಕ್ಕದ ಕಡತ, ಬೇರೆಯದನ್ನು ಹೇಳುತ್ತದೆ: ಬರದ ದಿನಗಳಲ್ಲಿ ಕೊಟ್ಟ ಕಾಳಿಗೆ ಸವಾಯಿ ಲೆಕ್ಕ ಬರೆದಿದೆ. ಅಂದರೆ ನಾಲ್ಕು ಚೀಲ ಒಯ್ದವನು ಸುಗ್ಗಿಯಲ್ಲಿ ಐದು ಚೀಲ ತಂದು ಹಾಕಬೇಕು. ಸ್ವಯಂಸೇವಕರು ಕಥೆಯನ್ನೂ ಲೆಕ್ಕವನ್ನೂ ಒಂದರ ಹಿಂದೊಂದು ಹೇಳುತ್ತಾರೆ. ಪಾಲುದಾರರಲ್ಲಿ ಒಬ್ಬರಿಗೆ ಇದು ಸಿಟ್ಟು ತರಿಸಿ, ಕೆಲವು ವಾರ ಬಾಗಿಲೇ ತೆರೆಯಲಿಲ್ಲವೆಂದು ತಿಳಿಯಿತು. ಆ ಕಾಲದಲ್ಲಿ ಸವಾಯಿಗೆ ಕೊಡುವುದೂ ಉಪಕಾರವೆಂದೇ ಎಣಿಕೆಯಾಗುತ್ತಿತ್ತು, ದೀಡಿ (ಒಂದಕ್ಕೆ ಒಂದೂವರೆ) ಲೆಕ್ಕಕ್ಕೆ ಕೊಡುವವರೂ ಇದ್ದರು ಎಂದು ಮಾಸ್ತರರು ಸಮಾಧಾನದ ಮಾತೊಂದನ್ನು ಸೇರಿಸಿದ ಮೇಲೆ ರಾಜಿಯಾಯಿತಂತೆ. ಈ ಸೇರ್ಪಡೆ ರಾಜಿಗಾಗಿ ಬಂದದ್ದಾದರೂ ವಿವರಣೆಗೆ ಅದರಿಂದ ಒಳಿತೇ ಆಗಿದೆ ಎಂದು ನನ್ನ ಅಭಿಪ್ರಾಯ.

ದಫ್ತರದ ಲಿಪಿ ಮೋಡಿ, ಅಂದರೆ ಹಿಂದೆ ಮರಾಠಿ ಲೆಕ್ಕಪತ್ರಗಳಿಗೆ ಬಳಸುತ್ತಿದ್ದ ಕೂಡುಬರಹ; ಭಾಷೆ ಮರಾಠಿ, ಆದರೆ ಅಂಚಿನಲ್ಲಿ ಅಲ್ಲಲ್ಲಿ ಕನ್ನಡದ ಟಿಪ್ಪಣಿಗಳಿವೆ. ಪೇಶ್ವೆಯವರ ಕೈಯಿಂದ ಇಂಗ್ಲಿಷರ ಮುಂಬಯಿ ಆಡಳಿತಕ್ಕೆ ಬಂದ ಈ ಸೀಮೆಯಲ್ಲಿ ಮನೆಯ ಮಾತು ಒಂದು, ಲೆಕ್ಕದ ಮಾತು ಇನ್ನೊಂದು ಆಗಿತ್ತೆಂಬುದನ್ನು ಪುಸ್ತಕದಲ್ಲಿ ನಾನೂ ಓದಿದ್ದೆ. ಒಂದೇ ಹಾಳೆಯಲ್ಲಿ ಎರಡನ್ನೂ ನೋಡಿದ್ದು ಇದೇ ಮೊದಲು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಮಾಡಿದ ಕೆಲಸ, ರಾ. ಹ. ದೇಶಪಾಂಡೆಯವರು 1890ರಲ್ಲಿ ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1918ರಲ್ಲಿ ಇದೇ ಊರಿನಲ್ಲಿ ಸೇರಿದ ಸಾಹಿತ್ಯ ಸಮ್ಮೇಳನ ಇವೆಲ್ಲವನ್ನೂ ಮಾಸ್ತರರು ಆ ಹಾಳೆಯ ಅಂಚಿನಿಂದಲೇ ಎತ್ತಿಕೊಳ್ಳುತ್ತಾರೆ. ಇಲ್ಲಿ ಮಾತ್ರ ಅವರು ತಮ್ಮ ತರಗತಿಯ ದಿನಗಳಿಗೆ ಮರಳಿ ಸ್ವಲ್ಪ ಉದ್ದ ಎಳೆಯುತ್ತಾರೆ. ಮಕ್ಕಳನ್ನು ಕರೆದೊಯ್ದವರು ಈ ಹೊತ್ತಿನಲ್ಲಿ ಅವರನ್ನು ಅಂಗಳಕ್ಕೆ ಬಿಡುವುದು ಒಳ್ಳೆಯದು. ಇದೇ ದಫ್ತರದ ಕೊನೆಯ ಪುಟಗಳು ಮನೆತನದ ಕುಲಕರ್ಣಿಕೆ ವತನದ (ಊರಿನ ಲೆಕ್ಕ ಬರೆಯುವ ವಂಶಪಾರಂಪರ್ಯದ ಹಕ್ಕು ಮತ್ತು ಅದರ ಆದಾಯದ) ಕೊನೆಯ ಪುಟಗಳೂ ಹೌದು. 1950ರ ಮುಂಬಯಿ ಕಾಯ್ದೆ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದುಮಾಡಿದ ಮೇಲೆ ವಾಡೆಗೆ ಬರುವ ಆದಾಯ ನಿಂತಿತು, ವಾಡೆಯ ಖರ್ಚು ನಿಲ್ಲಲಿಲ್ಲ.

ಒಳಮನೆಯನ್ನು ತೋರಿಸುವವರು ಈ ಮನೆಯ ಮಗಳೇ. ಎಪ್ಪತ್ತರ ಹತ್ತಿರದ ಅವರನ್ನು ಎಲ್ಲರೂ ಕಾಕೂ ಎನ್ನುತ್ತಾರೆ. ಬೀಸುಕಲ್ಲು, ಒರಳು, ನಾಗೊಂದಿಗೆಯ ಮೇಲಿನ ಕಂಚಿನ ಸಾಮಾನುಗಳನ್ನು ಅವರು ಬೇಗ ಬೇಗ ದಾಟಿಬಿಡುತ್ತಾರೆ, ಏಕೆಂದರೆ ಅವರ ಮನಸ್ಸು ಇರುವುದು ಬೆಳಕೇ ಬಾರದ ಬಾಣಂತಿ ಕೋಣೆಯಲ್ಲಿ ಮತ್ತು ದಿವಾಣಖಾನೆಯ ಮೇಲಿನ ಅಟ್ಟದ ಜಾಲಂಧ್ರದಲ್ಲಿ. ದಿವಾಣಖಾನೆಯಲ್ಲಿ ಗಾಯನದ ಬೈಠಕ್ ನಡೆದಾಗ ಹೆಂಗಸರು ಆ ಕಟ್ಟಿಗೆಯ ಜಾಲಂಧ್ರದ ಹಿಂದೆ, ಕತ್ತಲೆಯಲ್ಲಿ ಕುಳಿತು ಕೇಳುತ್ತಿದ್ದರು. ಬಂದವರೆಲ್ಲರೂ ಇಲ್ಲಿ ಕೇಳುವ ಪ್ರಶ್ನೆ ಒಂದೇ: ದೊಡ್ಡವರು ಯಾರು ಹಾಡಿದ್ದಾರೆ? ಧಾರವಾಡದಲ್ಲಿ ಈ ಪ್ರಶ್ನೆ ಸಹಜ. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಹುಟ್ಟಿದ ಶುಕ್ರವಾರಪೇಟೆ ಇದೇ ಊರಿನದು, ಸವಾಯಿ ಗಂಧರ್ವರು ಶಿಷ್ಯರನ್ನು ತಯಾರುಮಾಡಿದ ಕುಂದಗೋಳದ ನಾಡಿಗೇರ ವಾಡೆಯೂ ದೂರವಿಲ್ಲ. ಒಂದು ಹೆಸರು ಹೇಳಿಬಿಟ್ಟರೆ ಕೇಳುವವರಿಗೂ ಖುಷಿ, ಮನೆಗೂ ಬೆಲೆ. ಕಾಕೂ ಹೇಳುವುದಿಲ್ಲ. “ನಮ್ಮವ್ವ ಇಲ್ಲಿ ಕೂತು ಕೇಳಿದ್ಲು. ಯಾರು ಹಾಡಿದ್ರು ಅಂತ ಕೇಳಿದ್ರ, ಕಾಲು ಅಷ್ಟೇ ಕಾಣತಿದ್ವು ಅಂತಿದ್ಲು,” ಎಂದು ನನ್ನನ್ನೂ ಅಲ್ಲಿ ಕೂರಿಸಿದರು. ನಿಜವಾಗಿಯೂ ಆ ಕೋನದಿಂದ ಕೆಳಗೆ ಕುಳಿತವರ ಮೊಣಕಾಲು, ಕೈಗಳಷ್ಟೇ ಕಾಣುತ್ತವೆ.

ಇದೇ ಕಾಕೂ ಆರು ಪಾಲುದಾರರಲ್ಲಿಯೂ ಒಬ್ಬರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಬಂದದ್ದರಿಂದ ಅವರ ಸಹಿಯಿಲ್ಲದೆ ವಾಟ್ನಿ ಆಗುವಂತಿರಲಿಲ್ಲ. ಅವರು ಸಹಿ ಮಾಡಿದ್ದಾರೆ. ನಾನು ಇದನ್ನು ಕೇಳಿ ಸುಮ್ಮನಾದದ್ದನ್ನು ಗಮನಿಸಿ, “ಇಲ್ಲಿ ಹುಟ್ಟಿ ಐವತ್ತು ವರ್ಷ ಬಾಡಿಗಿ ಮನ್ಯಾಗ ಇದ್ದೀನಿ ತಂಗಿ, ನನಗೂ ಪಾಲು ಬೇಕು,” ಎಂದರು. ಆ ಭಾನುವಾರ ಅವರು ಅದೇ ಮನೆಯನ್ನು ಎರಡು ಗುಂಪುಗಳಿಗೆ ತೋರಿಸಿದರು. ವಾಡೆ ಮುಚ್ಚುವುದಕ್ಕೆ ಯಾರನ್ನಾದರೂ ಖಳನನ್ನಾಗಿ ಮಾಡಿ ಬರೆಯಬೇಕೆಂದಿದ್ದ ನನ್ನ ಮನಸ್ಸು ಅಲ್ಲಿಯೇ ಬದಲಾಯಿತು.

ಇನ್ನು ಕೊರತೆಗಳು. ಅವು ಕಡಿಮೆಯಿಲ್ಲ. ಇಡೀ ಸುತ್ತು ಎರಡೂಕಾಲು ಗಂಟೆಯದು, ಕೂರಲು ಪಡಸಾಲೆಯ ಕಟ್ಟೆ ಬಿಟ್ಟರೆ ಏನೂ ಇಲ್ಲ, ಶೌಚಾಲಯ ಇಲ್ಲವೇ ಇಲ್ಲ. ಅಟ್ಟದ ಏಣಿಮೆಟ್ಟಿಲು ಮೊಣಕಾಲು ನೋವಿನವರಿಗಲ್ಲ. ಪ್ಲಾಸ್ಟಿಕ್ ಹೊದಿಸಿದ ಫಲಕಗಳಲ್ಲಿ ಕಾಗುಣಿತದ ತಪ್ಪುಗಳು ಬಹಳ. ಅಂಗಳದ ಫಲಕದಲ್ಲಿ ‘ಹಗೆ’ ಎಂಬುದು ‘ಹೊಗೆ’ ಎಂದಾಗಿ, ಬೆಂಗಳೂರಿನಿಂದ ಬಂದಿದ್ದ ಒಂದು ಕುಟುಂಬ ಅದನ್ನು ಹೊಗೆ ಹೋಗುವ ಕೊಳವೆಯೆಂದು ತಿಳಿದು ಮೇಲೆ ನೋಡುತ್ತಿತ್ತು. ಸ್ವಯಂಸೇವಕರಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳು. ಅವರಲ್ಲಿ ಒಬ್ಬನಿಗೆ ಕಟ್ಟುಪಾಡು ಇನ್ನೂ ಮೈಗೂಡಿಲ್ಲ. ಬಚ್ಚಲ ಪಕ್ಕದ ಕಿಂಡಿಯನ್ನು ತೋರಿಸಿ ಇಲ್ಲಿಂದ ಕೋಟೆಗೆ ಸುರಂಗವಿತ್ತೆಂದು ಅವನು ಘೋಷಿಸಿದ. ನಮ್ಮ ಕಡೆ ಸುರಂಗವಿಲ್ಲದ ವಾಡೆಯಾಗಲಿ ಗುಡಿಯಾಗಲಿ ನಾನು ಕಂಡಿಲ್ಲ. ಎಲ್ಲ ಸುರಂಗಗಳೂ ನಿಜವಾಗಿದ್ದರೆ ಧಾರವಾಡ ಎಂದೋ ಕುಸಿದು ಹೋಗುತ್ತಿತ್ತು. ಹಿಂದೆ ನಿಂತಿದ್ದ ಬಡಿಗತನದ ಅಜ್ಜ, “ತಮ್ಮಾ, ಅದು ಬಚ್ಚಲ ನೀರು ಹೋಗೂ ಗಟಾರ,” ಎಂದಾಗ ಹುಡುಗ ಕೆಂಪಾದ, ಎಲ್ಲರೂ ನಕ್ಕೆವು. ಆದರೆ ಅಜ್ಜ ಇರದ ಭಾನುವಾರಗಳಲ್ಲಿ ಆ ಗಟಾರ ಸುರಂಗವಾಗಿಯೇ ಉಳಿಯುತ್ತದಲ್ಲ ಎಂಬ ಚಿಂತೆ ನನಗೆ ಇದೆ.

ಮಾಳಿಗೆಯ ಸ್ಥಿತಿ ಇವೆಲ್ಲಕ್ಕಿಂತ ಗಂಭೀರ. ಜಂತಿಯ ಮೇಲೆ ಸೊಪ್ಪು ಹಾಸಿ ಮಣ್ಣು ಬಡಿದು ಮಾಡಿದ ಮಾಳಿಗೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಸರಿಪಡಿಸಲೇಬೇಕು. ವ್ಯಾಜ್ಯ ಮುಗಿಯುವವರೆಗೆ ಯಾವ ಬದಲಾವಣೆಯನ್ನೂ ಮಾಡಬಾರದೆಂಬ ತಡೆಯನ್ನು ಒಬ್ಬರು ದುರಸ್ತಿಗೂ ಅನ್ವಯಿಸಿ ಹೇಳಿದ್ದರಿಂದ ಎರಡು ಮಳೆಗಾಲ ಹಾಗೆಯೇ ಹೋಗಿವೆ. ಈಗ ಮೇಲೆ ನೀಲಿ ತಾಡಪಾಲು ಇದೆ, ಕೆಳಗೆ ಎರಡು ಅಂಕಣಗಳಿಗೆ ಹಗ್ಗ ಕಟ್ಟಿ ಪ್ರವೇಶ ನಿಲ್ಲಿಸಿದ್ದಾರೆ. ಎರಡನೆಯ ಸಲ, ಶ್ರಾವಣದಲ್ಲಿ ಹೋದಾಗ, ದೇವರಮನೆಯ ಮೂಲೆಯಲ್ಲಿ ನೀರು ತೊಟ್ಟಿಕ್ಕುವ ಸದ್ದು ವಿವರಣೆಯ ಉದ್ದಕ್ಕೂ ಕೇಳುತ್ತಿತ್ತು.

ಈ ವಿವರಣೆಯನ್ನೇ ಬೇರೆಡೆಗೆ ಒಯ್ಯಬಹುದಲ್ಲ ಎಂದು ಹಲವರು ಸಲಹೆ ಕೊಟ್ಟಿದ್ದಾರೆ. ಸ್ವಯಂಸೇವಕರು ಒಮ್ಮೆ ಒಂದು ಶಾಲೆಯ ಸಭಾಂಗಣದಲ್ಲಿ ಪರದೆಯ ಮೇಲೆ ಚಿತ್ರಗಳನ್ನು ಹಾಕಿ ಪ್ರಯತ್ನಿಸಿದ್ದೂ ಉಂಟು. ಮಾಸ್ತರರ ಭಾಗ ಅಲ್ಲಿಯೂ ನಡೆಯಿತು. ಅಜ್ಜನಿಗೆ ಮಾತೇ ಹೊರಡಲಿಲ್ಲ, ಏಕೆಂದರೆ ಅವರು ಕೈಯಿಂದ ಮುಟ್ಟಿ ಹೇಳುವವರು. ಕಾಕೂ ಐದು ನಿಮಿಷದಲ್ಲಿ ಮುಗಿಸಿ ಕೆಳಗಿಳಿದರು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ಸೊಗಸಾಗಿ ಹಿಡಿದಿಟ್ಟಿದ್ದಾರೆ, ಮಕ್ಕಳಿಗೆ ನಾನು ಅದನ್ನೂ ಶಿಫಾರಸು ಮಾಡುತ್ತೇನೆ. ಅಲ್ಲಿ ಒಂದು ಕಾಲದ ಜೀವನ ಹೇಗಿತ್ತೆಂಬ ಚಿತ್ರ ಪೂರ್ತಿಯಾಗಿ ಸಿಗುತ್ತದೆ. ತೊಲೆಯ ಖಾಲಿ ಕಂಡಿಯಲ್ಲಿ ಬೆರಳಿಟ್ಟು ಮನೆತನದ ಮಾತನ್ನು ಅನುಮಾನಿಸುವ ಅವಕಾಶ ಮಾತ್ರ ಈ ವಾಡೆಯಲ್ಲಿಯೇ ಇರುವುದು. ದಫ್ತರಗಳನ್ನು ಸ್ಕ್ಯಾನ್ ಮಾಡಿಸಿ ಕಾಪಾಡಬೇಕೆಂದು ಸಂಬಂಧಪಟ್ಟ ಒಂದು ಕಚೇರಿಗೆ ಕೊಟ್ಟ ಅರ್ಜಿಗೆ ಬಂದ ಉತ್ತರ, ಅರ್ಜಿಯನ್ನು ಇನ್ನೊಂದು ಕಚೇರಿಗೆ ಕೊಡಿರಿ ಎಂಬುದು. ಕೊನೆಗೆ ವಿದ್ಯಾರ್ಥಿಗಳೇ ಮೊಬೈಲಿನಲ್ಲಿ ಪುಟ ಪುಟವಾಗಿ ತೆಗೆಯುತ್ತಿದ್ದಾರೆ. ಸುರಂಗದ ಹುಡುಗ ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದಾನೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು.

ಹೋಗುವವರಿಗೆ ಕೆಲವು ಮಾತು. ಪ್ರವೇಶಕ್ಕೆ ಹಣವಿಲ್ಲ, ಹುಂಡಿಯೂ ಇಲ್ಲ. ಹಣ ಕೊಡಹೋದರೆ ಹಣತೆಗೆ ಎಣ್ಣೆ ತಂದುಕೊಡಿರಿ ಎನ್ನುತ್ತಾರೆ. ದಫ್ತರದ ಚಿತ್ರ ತೆಗೆಯಲು ಬಿಡುವುದಿಲ್ಲ, ಉಳಿದದ್ದಕ್ಕೆ ಅಡ್ಡಿಯಿಲ್ಲ. ಒಳಕೋಣೆಗಳಿಗೆ ಬ್ಯಾಟರಿ ಇರಲಿ. ಸಾಧ್ಯವಿದ್ದರೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಪಡಸಾಲೆಯಲ್ಲಿ ಒಂದು ವಹಿ ಇಟ್ಟಿದ್ದಾರೆ, ಮನೆಯ ಭಾಗಗಳಿಗೆ ನಿಮ್ಮೂರಿನಲ್ಲಿ ಏನೆನ್ನುತ್ತೀರೆಂದು ಬರೆಸಿಕೊಳ್ಳುತ್ತಾರೆ, ಅದರಲ್ಲಿ ಹೊಸ್ತಿಲಿನಿಂದ ಹಿತ್ತಲವರೆಗಿನ ಶಬ್ದಗಳಿಗೆ ಹಾವೇರಿ, ನವಲಗುಂದ, ಕಲಘಟಗಿಯ ಕಡೆಯ ರೂಪಗಳೆಲ್ಲ ಆಗಲೇ ತುಂಬಿವೆ. ಹುಬ್ಬಳ್ಳಿಯಿಂದ ಬರುವವರು ಚಿಗರಿ ಬಸ್ಸಿನಲ್ಲಿ ಬಂದು ಜುಬಿಲಿ ಸರ್ಕಲ್ಲಿನಲ್ಲಿ ಇಳಿದು ಆಟೊ ಹಿಡಿಯಬಹುದು. ಹತ್ತು ಗಂಟೆಗೇ ಮುಟ್ಟಿದರೆ ಹಗೆಯಲ್ಲಿ ದೀಪ ಇಳಿಸುವುದನ್ನು ಗದ್ದಲವಿಲ್ಲದೆ ನೋಡಬಹುದು. ಮನೆಯಿಂದ ಹೊರಡುವ ಮೊದಲು ಮಾತ್ರ ಬಾಗಿಲ ಮೇಲೆ ಬರೆದಿರುವ ಸಂಖ್ಯೆಗೆ ಯಾರಿಂದಲಾದರೂ ಫೋನು ಮಾಡಿಸಿ, ಕೀಲಿ ಗದಗಕ್ಕೆ ಹೋಗಿಲ್ಲವೆಂಬುದನ್ನು ಖಾತ್ರಿಮಾಡಿಕೊಳ್ಳಿ.